ಒರಲೆ ಲೆಕ್ಕದ ಪುಸ್ತಕ

ಮಾರ್ಚ್ 17

ದೇವರ ಕೋಣೆಯ ಗೋಡೆಗೂಡಿನಲ್ಲಿ ಅಪ್ಪಯ್ಯನ ಹಳೇ ಪಂಚಾಂಗಗಳ ಕಟ್ಟಿತ್ತು. ಯುಗಾದಿಗೆ ಮೊದಲು ಧೂಳು ಹೊಡೆಯೋಣ ಎಂದು ಎತ್ತಿದರೆ ಕೈಗೆ ಬಂದದ್ದು ಮೇಲಿನ ರಟ್ಟು ಮಾತ್ರ. ಕೆಳಗೆ ಕಾಗದವಿರಲಿಲ್ಲ, ಕಾಗದದ ಆಕಾರದಲ್ಲಿ ಮಣ್ಣು ಕೂತಿತ್ತು. ಗೂಡಿನ ಹಿಂಬದಿಯ ಹಲಗೆಯನ್ನು ಬೆರಳಲ್ಲಿ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ಅಷ್ಟು ದಿನ ಅಲ್ಲಿ ನಿಂತಿದ್ದದ್ದು ಮರವಲ್ಲ, ಬರೀ ಬಣ್ಣದ ಪದರ.

ಸಾಗರ ಪೇಟೆಯಿಂದ ಒಳಗಿರುವ ನಮ್ಮ ಮನೆಗೆ ಒರಲೆ ಹೊಸದೇನಲ್ಲ. (ಬಯಲುಸೀಮೆಯವರ ಗೆದ್ದಲೇ ನಮ್ಮ ಒರಲೆ.) ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಗೋಡೆ ಮೇಲೆ ಮಣ್ಣಿನ ಗೆರೆ ಕಂಡರೆ ಪೊರಕೆಯಲ್ಲಿ ಗುಡಿಸುವುದು, ಸೀಮೆಎಣ್ಣೆ ಸುರಿಯುವುದು, ಮುಂದಿನ ವರ್ಷದವರೆಗೆ ಮರೆಯುವುದು, ಇದು ಮನೆಯ ವಾಡಿಕೆ. ಈ ಸಲ ಪೇಟೆಯಿಂದ ಇಬ್ಬರನ್ನು ಕರೆಸಿದೆ. ಒಬ್ಬ ಟೇಪು ಹಿಡಿದು ನೆಲ ಅಳೆದು ಚದರಡಿ ಲೆಕ್ಕ ಹೇಳಿದ. ಇನ್ನೊಬ್ಬ ಹತ್ತು ವರ್ಷದ ಗ್ಯಾರಂಟಿ ಎಂದ. ಇವು ಎಲ್ಲಿಂದ ಬರುತ್ತಿವೆ ಎಂದು ಇಬ್ಬರೂ ಕೇಳಲಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ತಂದಿದ್ದೇನೆ. ಔಷಧಿ ಆಮೇಲೆ, ಮೊದಲು ದಾರಿ ಹುಡುಕುವುದು.

ಮಾರ್ಚ್ 24

ಮನೆಯ ನಕ್ಷೆ ಬರೆದುಕೊಂಡೆ. ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಬೆಳಕು ಅಡ್ಡ ಬೀಳುತ್ತದೆ, ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆಗಳು ನೆರಳಿನ ಸಮೇತ ಎದ್ದು ಕಾಣುತ್ತವೆ. ಒಟ್ಟು 14 ಸಿಕ್ಕವು. ಎಲ್ಲವನ್ನೂ ಗುಡಿಸಿಹಾಕುವ ಕೈಯನ್ನು ತಡೆದು, ಪ್ರತಿಯೊಂದರ ನಡುವೆ ಒಂದಂಗುಲ ಮಾತ್ರ ಮುರಿದೆ. ಪಕ್ಕದಲ್ಲಿ ನಂಬರು, ತಾರೀಖು.

ಬೆಳಗಾಗುವಷ್ಟರಲ್ಲಿ ಐದು ಕೊಳವೆ ರಿಪೇರಿಯಾಗಿದ್ದವು. ಹೊಸ ಮಣ್ಣು ಇನ್ನೂ ಒದ್ದೆ, ಬಣ್ಣವೂ ಕಡು. ಉಳಿದ ಒಂಬತ್ತು ಹಾಗೇ ಬಾಯಿ ತೆರೆದುಕೊಂಡಿವೆ. ಅವು ಬಿಟ್ಟುಹೋದ ಹಳೇ ರಸ್ತೆಗಳು. ನಾವು ಇಷ್ಟು ವರ್ಷ ಸೀಮೆಎಣ್ಣೆ ಸುರಿದದ್ದರಲ್ಲಿ ಎಷ್ಟು ಪಾಲು ಖಾಲಿ ರಸ್ತೆಗೆ ಹೋಗಿದೆಯೋ.

ಕೊಳವೆ ಇವಕ್ಕೆ ಶೋಕಿಗಲ್ಲ. ಕೆಲಸಗಾರ ಹುಳುವಿನ ಚರ್ಮ ಎಷ್ಟು ತೆಳು ಎಂದರೆ ಒಣ ಗಾಳಿ ತಾಗಿದರೆ ಬೇಗ ಸೊರಗಿ ಸಾಯುತ್ತದೆ. ಕಣ್ಣೂ ಇಲ್ಲ. ಹೊರಗೆ ಬಂದರೆ ಇರುವೆಯ ಪಾಲು. ಅದಕ್ಕೇ ಮಣ್ಣು, ಜೊಲ್ಲು, ಹಿಕ್ಕೆ ಕಲಸಿ ತೇವದ ಸುರಂಗ ಕಟ್ಟಿಕೊಂಡೇ ಮುಂದೆ ಹೋಗುವುದು. ಹಾಗಾದರೆ ತೇವ ಎಲ್ಲಿಂದ ಬರುತ್ತದೋ ಅಲ್ಲೇ ಮೂಲವೂ ಇರಬೇಕು. ಜೀವವಿರುವ ಐದೂ ಬಚ್ಚಲುಮನೆ ಕಡೆಯ ಗೋಡೆಯಲ್ಲಿವೆ. ದೇವರ ಕೋಣೆ ಆ ಗೋಡೆಯ ಈಚೆ ಮಗ್ಗುಲು.

"ಎಂತ ಲೆಕ್ಕ ಮಾರಾಯ ಇದು, ಬಿಎಚ್‌ಸಿ ಪುಡಿ ಎರಚಿದ್ರೆ ಮುಗೀತಲ್ಲ" ಎಂದು ಅಪ್ಪಯ್ಯ. ಆ ಕೀಟನಾಶಕ 1997ರಲ್ಲೇ ನಿಷೇಧವಾಗಿದೆ ಎಂದೆ. "ಹೌದಾ?" ಎಂದು ಸುಮ್ಮನಾದರು. ಅಟ್ಟದ ಮೂಲೆಯಲ್ಲಿ ಆ ಕಾಲದ ಒಂದು ಡಬ್ಬ ಇನ್ನೂ ಇದೆಯೇನೋ ಎಂದು ನನಗೆ ಅನುಮಾನ.

ಮಾರ್ಚ್ 31

ಅಪ್ಪಯ್ಯನ ಇನ್ನೊಂದು ವಾದ: ಮೂಲ ಹಿತ್ತಿಲ ಹುತ್ತ. ಎದೆಯೆತ್ತರ ಇದೆ, ನಾಗರ ಪಂಚಮಿಗೆ ಹಾಲೆರೆಯುವುದೂ ಅದಕ್ಕೇ. ಆದ್ದರಿಂದ ಒಡೆಯುವಂತಿಲ್ಲ, ಬೈಯಬಹುದು ಅಷ್ಟೆ.

ಹತ್ತು ಪಟ್ಟಿನ ಭೂತಗನ್ನಡಿ ತರಿಸಿದ್ದೆ. ಕೆಲಸಗಾರರನ್ನು ನೋಡಿ ಜಾತಿ ಹೇಳುವುದು ಕಷ್ಟ, ಎಲ್ಲವೂ ಬೆಳ್ಳಗೆ ಅಕ್ಕಿನುಚ್ಚಿನ ಹಾಗೆ. ಗುರುತು ಇರುವುದು ಸೈನಿಕರ ತಲೆಯಲ್ಲಿ. ಗೋಡೆಯ 6ನೇ ಕೊಳವೆಯಿಂದ ಒಬ್ಬ ಸೈನಿಕನನ್ನು ತೆಗೆದು ಬಿಳಿ ತಟ್ಟೆಯಲ್ಲಿ ಬಿಟ್ಟೆ. ನೀರಹನಿಯಂತೆ ಮುಂದೆ ಚೂಪಾದ ಹಳದಿ ತಲೆ. ಹುಲ್ಲುಕಡ್ಡಿ ತಾಗಿಸಿದೆ, ಹಣೆಯ ತೂತಿನಿಂದ ಹಾಲಿನಂಥ ಹನಿ ಉಕ್ಕಿತು. ಅದು ಅಂಟು, ವೈರಿಯ ಮೇಲೆ ಬಿಡುವುದಕ್ಕೆ. ಇದು ಕಾಪ್ಟೊಟರ್ಮಿಸ್. ನೆಲದಡಿಯಲ್ಲಿ, ಸತ್ತ ಬುಡಗಳಲ್ಲಿ ಗೂಡು ಮಾಡಿ ಮನೆಯ ಮರಮಟ್ಟಿಗೆ ನುಗ್ಗುವ ಕುಲ.

ಹುತ್ತದ ಬದಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಅಂಚನ್ನು ಉಗುರಲ್ಲಿ ಕೆರೆದೆ. ಅಲ್ಲಿಯ ಸೈನಿಕನ ತಲೆ ಮೊಟ್ಟೆಯಾಕಾರ, ಎಡದವಡೆಯಲ್ಲಿ ಒಂದು ಹಲ್ಲು, ಹಾಲಿನ ಹನಿಯ ಸುದ್ದಿಯೇ ಇಲ್ಲ. ಅದು ಒಡಾಂಟೊಟರ್ಮಿಸ್, ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡಿಕೊಂಡು ಒಣ ಎಲೆ, ತೊಗಟೆ, ಕಡ್ಡಿ ತಂದು ಗೊಬ್ಬರ ಹಾಕುವ ಬೇರೆ ಸಂಸಾರ. ಮನೆಯ ಮರ ಸಿಕ್ಕರೆ ಬಿಡುತ್ತದೆಂದಲ್ಲ. ಆದರೆ ಪಂಚಾಂಗ ತಿಂದದ್ದು ಇದಲ್ಲ. ಹುತ್ತಕ್ಕೆ ಕ್ಲೀನ್ ಚಿಟ್. ಅಮ್ಮನಿಗೆ ಸಮಾಧಾನವಾಯಿತು, ಅಪ್ಪಯ್ಯನಿಗೆ ಆಗಲಿಲ್ಲ.

ಏಪ್ರಿಲ್ 7

ಈ ವಾರ ಕೆಲಸ ಆಗಿಲ್ಲ, ಆಟ ಆಗಿದೆ. ಬಾಲ್‌ಪೆನ್ನಿನ ಗೆರೆಯನ್ನು ಒರಲೆಗಳು ಹಿಂಬಾಲಿಸುತ್ತವೆ ಎಂದು ಓದಿದ್ದೆ. ಕೆಲವು ಶಾಯಿಗಳಲ್ಲಿರುವ ಒಂದು ದ್ರಾವಕದ ವಾಸನೆ ಅವು ದಾರಿ ಗುರುತಿಗೆ ಬಿಡುವ ರಾಸಾಯನಿಕದ ಹಾಗಿರುತ್ತದಂತೆ. ಮನೆಯಲ್ಲಿದ್ದ ನಾಲ್ಕು ಪೆನ್ನಲ್ಲಿ ಒಂದೊಂದು ವೃತ್ತ ಬರೆದು ಕೆಲಸಗಾರರನ್ನು ಬಿಟ್ಟೆ. ಮೂರು ಗೆರೆಗಳಿಗೆ ಕ್ಯಾರೇ ಎನ್ನಲಿಲ್ಲ. ನಾಲ್ಕನೆಯ ನೀಲಿ ಗೆರೆ ಹಿಡಿದು ಎರಡು ಹುಳುಗಳು ಪ್ರದಕ್ಷಿಣೆ ಹಾಕುತ್ತಲೇ ಇದ್ದವು. ಅಣ್ಣನ ಮಗಳು ಆ ಪೆನ್ನನ್ನು ಶಾಲೆಗೆ ಒಯ್ದಿದ್ದಾಳೆ.

ಅವಳಿಗೆ ಇವು ಬಿಳಿ ಇರುವೆಗಳಲ್ಲ, ಜಿರಲೆಯ ಒಳಸಂಬಂಧಿಗಳು ಎಂದು ಹೇಳಿದ್ದು ಮಾತ್ರ ತಪ್ಪಾಯಿತು. ಈಗ ನೋಟ್‌ಬುಕ್ ಮುಟ್ಟುವುದಿಲ್ಲ.

ಏಪ್ರಿಲ್ 14

ಸಿಕ್ಕಿತು.

ಬಚ್ಚಲುಮನೆಯ ಹೊರಗೋಡೆಗೆ ಒರಗಿಸಿ ಮಳೆಗಾಲದ ಕಟ್ಟಿಗೆ ಒಟ್ಟಿದ್ದೆವು. ಅದನ್ನೆಲ್ಲ ಸರಿಸಿದಾಗ ಅಡಿಯ ಸಾಲು ಒರಲೆಮಯ. ಗೋಡೆಯ ಬುಡದಲ್ಲಿ ನೆಲ ಈ ಬಿಸಿಲಲ್ಲೂ ತಣ್ಣಗೆ, ಒದ್ದೆ. ಬಚ್ಚಲ ನೀರು ಹೋಗುವ ಪೈಪಿನ ಜೋಡಣೆ ಬಿರುಕು ಬಿಟ್ಟಿದೆ. ಇಷ್ಟೇ ಇರಬೇಕು ಎಂದುಕೊಳ್ಳುವಾಗ ಅಪ್ಪಯ್ಯ ನಿಧಾನಕ್ಕೆ, "ಇಲ್ಲೊಂದು ಮಾವಿನ ಮರ ಇತ್ತಲ" ಎಂದರು. ಬಚ್ಚಲುಮನೆ ದೊಡ್ಡದು ಮಾಡುವಾಗ ಮರ ಕಡಿಸಿದ್ದರು. ಬುಡ ಕೀಳುವ ರಗಳೆ ಯಾರಿಗೆ ಬೇಕು ಎಂದು ಮಣ್ಣು ಮುಚ್ಚಿಸಿದ್ದರು. ಒಂದು ತಿಂಗಳಿಂದ ನಾನು ಗೋಡೆಗೆ ಟಾರ್ಚು ಹಿಡಿದು ಓಡಾಡುತ್ತಿದ್ದೇನೆ, ಇವರಿಗೆ ಈಗ ನೆನಪಾಯಿತು.

ಹೊರಗಿನಿಂದ ಮೂರಡಿ ಅಗೆದೆವು. ಬುಡದ ಒಳಗು ಪೂರ್ತಿ ಹೋಗಿ, ಆ ಜಾಗದಲ್ಲಿ ಕಂದು ರಟ್ಟಿನಂಥ, ತೂತುತೂತಾದ ಗೂಡು ತುಂಬಿಕೊಂಡಿತ್ತು. ಅಗಿದ ಮರ, ಮಣ್ಣು, ಹಿಕ್ಕೆ ಕಲಸಿ ಮಾಡಿದ್ದು. ಕೈಯಲ್ಲಿ ಹಿಡಿದರೆ ಬೆಚ್ಚಗೆ ಅನಿಸಿತು, ಅಥವಾ ಹಾಗೆ ಅನಿಸಬೇಕೆಂದು ಅನಿಸಿತು. ರಾಣಿಗಾಗಿ ಒಂದು ಗಂಟೆ ಕೆದಕಿದೆ, ಕಾಣಲಿಲ್ಲ. ಬುಡವನ್ನು ತುಂಡು ಮಾಡಿ ಗದ್ದೆ ಬಯಲಿಗೆ ಒಯ್ದು ಸುಟ್ಟೆವು. ಪ್ಲಂಬರ್ ನಾಳೆ ಬರುತ್ತಾನಂತೆ.

ಏಪ್ರಿಲ್ 27

ಪ್ಲಂಬರ್ ಬಂದದ್ದು 22ಕ್ಕೆ.

ಇವತ್ತು ಔಷಧಿ. ಗೂಡು ಹೋದರೂ ಗೋಡೆಯೊಳಗೆ, ನೆಲದಡಿಯಲ್ಲಿ ಇರುವವು ಇವೆ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ಶೇಕಡಾ 30.5 ಸಾಂದ್ರತೆಯ ದ್ರವ), ಲೀಟರ್ ನೀರಿಗೆ 2.1 ಮಿಲಿ. ಗೋಡೆ ನೆಲ ಸೇರುವ ಕಡೆ 12 ಮಿಲಿಮೀಟರ್ ಡ್ರಿಲ್ಲಿನಲ್ಲಿ ಅಡಿಗೊಂದು ತೂತು, ತೂತಿಗೆ ಒಂದು ಲೀಟರ್. 46 ತೂತು ಬಂದವು. 100 ಮಿಲಿಯ ಬಾಟಲಿ ತಂದಿದ್ದೆ, ತಳದಲ್ಲಿ ಚೂರು ಉಳಿಯಿತು. ಮಳೆ ಶುರುವಾದ ಮೇಲೆ ಇದನ್ನು ಮಾಡಿ ಪ್ರಯೋಜನವಿಲ್ಲ, ನೀರು ಕುಡಿದ ಮಣ್ಣು ಔಷಧಿ ಕುಡಿಯುವುದಿಲ್ಲ.

ಬಚ್ಚಲ ಹೊರಗೋಡೆಗೆ ಹಾಕಲಿಲ್ಲ. ಬಾವಿ ಅಲ್ಲಿಂದ 11 ಹೆಜ್ಜೆ. ಚದರಡಿ ಲೆಕ್ಕ ಹೇಳಿದವನು ಮನೆಯ ಸುತ್ತ ಕಾಲುವೆ ತೆಗೆದು ಸುರಿಯುತ್ತೇನೆ ಎಂದಿದ್ದು ನೆನಪಾಗಿ ಈಗ ಮೈ ಜುಮ್ಮೆಂದಿತು. ಆ ಮಗ್ಗುಲಿಗೆ ಬುಡ ಕಿತ್ತದ್ದು, ಪೈಪು ಸರಿಮಾಡಿದ್ದು, ಕಟ್ಟಿಗೆಯನ್ನು ದೂರದ ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ಒಟ್ಟಿದ್ದು, ಇಷ್ಟೇ ಚಿಕಿತ್ಸೆ.

ಈ ಔಷಧಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಇದರ ಇರವು ಒರಲೆಗೆ ಗೊತ್ತಾಗುವುದಿಲ್ಲ, ತಾಗಿದ ಕೂಡಲೇ ಸಾಯುವುದೂ ಇಲ್ಲ. ಮರವನ್ನು ಅರಗಿಸುವುದು ಈ ಕುಲದಲ್ಲಿ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಪೊರೆ ಕಳಚಿದಾಗಲೆಲ್ಲ ಆ ಜೀವಿಗಳೂ ಹೋಗಿಬಿಡುತ್ತವೆ. ಮತ್ತೆ ಪಡೆಯಲು ಒಂದರ ಹಿಂಬದಿಯನ್ನು ಇನ್ನೊಂದು ನೆಕ್ಕಬೇಕು. ಬಾಯಿಂದ ಬಾಯಿಗೆ ತುತ್ತು ದಾಟಿಸುವುದು, ಮೈ ನೆಕ್ಕುವುದು ದಿನವಿಡೀ ನಡೆದೇ ಇರುತ್ತದೆ. ವಿಷವೂ ಅದೇ ದಾರಿಯಲ್ಲಿ ಹಂಚಿಹೋಗುತ್ತದೆ. ಅವುಗಳ ಅನ್ಯೋನ್ಯತೆಯನ್ನೇ ಹಿಡಿದು ಕೊಲ್ಲುವುದು, ಯೋಚಿಸಿದರೆ ಸ್ವಲ್ಪ ಕಸಿವಿಸಿ. ಪಂಚಾಂಗ ನೆನೆಸಿಕೊಂಡರೆ ಅಷ್ಟಿಲ್ಲ.

ತೂತುಗಳಿಗೆ ಸಿಮೆಂಟು, ರೆಡ್ ಆಕ್ಸೈಡ್ ಕಲಸಿ ತುಂಬಿದೆ. ಬಣ್ಣ ಹೊಂದಲಿಲ್ಲ. ಅಜ್ಜ ಹಾಕಿಸಿದ ಕೆಂಪು ನೆಲಕ್ಕೆ ಸಿಡುಬು ಬಂದಂತಾಗಿದೆ ಎಂದು ಅಮ್ಮ ಮಾತು ಬಿಟ್ಟಿದ್ದಾರೆ.

ಮೇ 19

ಜೀವವಿರುವ ಕೊಳವೆ: ಏಪ್ರಿಲ್ 30ಕ್ಕೆ 5, ಮೇ 8ಕ್ಕೆ 2, ಇವತ್ತು 0. ಪ್ರತಿ ಸಲವೂ ಒಂದಂಗುಲ ಮುರಿದು, ರಾತ್ರಿ ಕಳೆದು ನೋಡಿದ್ದು.

ನಿನ್ನೆ ಸಂಜೆ ಗುಡುಗು ಮಳೆ ಬಂದು ನಿಂತದ್ದೇ ತಡ, ಜಗುಲಿಯ ದೀಪಕ್ಕೆ ರೆಕ್ಕೆಹುಳುಗಳ ಮುತ್ತಿಗೆ. ಎಲ್ಲಿಂದ ಎಂದು ಕೊಡೆ ಹಿಡಿದು ಹುಡುಕಿದೆ, ಹುತ್ತದ ಬಾಯಿಗಳಿಂದಲೇ ಹೊಗೆಯಂತೆ ಏಳುತ್ತಿದ್ದವು. ನಾಲ್ಕೂ ರೆಕ್ಕೆ ಒಂದೇ ಅಳತೆ, ಸೊಂಟ ದಪ್ಪ, ಅಂದರೆ ಒರಲೆಯೇ. ರೆಕ್ಕೆಯ ಇರುವೆಗಾದರೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ದಾರದಷ್ಟು. ಬೆಳಗ್ಗೆ ಜಗುಲಿ ತುಂಬ ಉದುರಿದ ರೆಕ್ಕೆ, ಹಲ್ಲಿಗಳು ಅಲ್ಲಾಡಲಾರದ ಸ್ಥಿತಿಯಲ್ಲಿದ್ದವು. ಶಿಕಾರಿಪುರ ಕಡೆಯಿಂದ ತೋಟದ ಕೆಲಸಕ್ಕೆ ಬರುವಾಕೆ, "ನಮ್ಮಲ್ಲಾದ್ರೆ ಹುರಿದು ಮಂಡಕ್ಕಿ ಜೊತೆ ತಿಂತಿದ್ವಿ" ಎಂದು ಆ ರಾಶಿಯನ್ನು ಬೇಸರದಿಂದ ಗುಡಿಸಿದರು.

ನೋಟ್‌ಬುಕ್ ಮುಗಿಯಿತು ಎಂದುಕೊಂಡಿದ್ದೇನೆ.

ಜೂನ್ 30

ಮುಗಿದಿಲ್ಲ.

ಅಮ್ಮ ಕೋಣೆ ಗುಡಿಸುವಾಗ ಮಂಚದ ಒಂದು ಕಾಲಿನ ಬುಡದಲ್ಲಿ ಗಸಗಸೆಯಂಥ ಪುಡಿ. ಗುಡಿಸಿದರೆ ಮಾರನೇ ದಿನ ಮತ್ತೆ. ಅಪ್ಪಯ್ಯ ನೋಡಿದವರೇ, "ಕುಟ್ಟೆ ಹಿಡಿದಿದೆ" ಎಂದರು. (ಕುಟ್ಟೆ ಎಂದರೆ ಮರ ಕೊರೆಯುವ ದುಂಬಿ.) ನಾನೂ ಒಪ್ಪಿಕೊಂಡು ಎರಡು ವಾರ ಸುಮ್ಮನಿದ್ದೆ. ನಿನ್ನೆ ಬೆರಳಲ್ಲಿ ತಿಕ್ಕಿ ನೋಡಿದಾಗ ಅನುಮಾನ ಬಂತು. ಕುಟ್ಟೆಯ ಪುಡಿ ಮೈದಾ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ, ಇದು ಮರಳಿನಂತೆ ಉರುಳುತ್ತದೆ. ಭೂತಗನ್ನಡಿಯಲ್ಲಿ ಪ್ರತಿ ಕಾಳೂ ಒಂದೇ ಅಚ್ಚು: ಉದ್ದುದ್ದ, ಎರಡೂ ತುದಿ ಗುಂಡಗೆ, ಪಕ್ಕದಲ್ಲಿ ಆರು ಮುಖ. ಯಾರೋ ಕೂತು ಕೆತ್ತಿದ ಹಾಗೆ.

ಇದೂ ಒರಲೆಯೇ, ಆದರೆ ನೆಲಕ್ಕೂ ನೀರಿಗೂ ಹಂಗಿಲ್ಲದ ಒರಲೆ. ಒಣಮರದೊಳಗೇ ಹುಟ್ಟಿ, ಅಲ್ಲೇ ತಿಂದು, ಹಿಕ್ಕೆಯಲ್ಲಿನ ನೀರನ್ನೂ ಕೊನೆಯ ಹನಿವರೆಗೆ ಹೀರಿಕೊಂಡು, ಒಣಕಲು ಕಾಳನ್ನು ಸೂಜಿತೂತಿನಿಂದ ಹೊರಗೆ ತಳ್ಳುತ್ತದೆ. ಹಿಕ್ಕೆಗೆ ಆರು ಮುಖ ಬರುವುದು ಹಾಗೆ ಹಿಂಡಿದ್ದರಿಂದಲೇ. ಮಣ್ಣಿನ ಕೊಳವೆ ಇಲ್ಲ, ಒದ್ದೆ ಇಲ್ಲ. ನನ್ನ 46 ಲೀಟರ್ ಔಷಧಿಯ ಸುದ್ದಿಯೇ ಇದಕ್ಕೆ ಮುಟ್ಟಿಲ್ಲ. ಕರಾವಳಿಯ ಪೀಠೋಪಕರಣಗಳಲ್ಲಿ ಇದು ಸಾಮಾನ್ಯ. ಮಂಚ ಬಂದದ್ದು ಕುಮಟೆಯ ಅಜ್ಜಿಮನೆಯಿಂದ.

ಜುಲೈ 13

ಮಂಚದ ಕೆಳಗೆ ಕರಿ ಕಾಗದ ಹಾಸಿ ದಿನಾ ಬೆಳಗ್ಗೆ ಕಾಳು ಎಣಿಸುತ್ತಿದ್ದೇನೆ. ಈ ವಾರ 41, 38, 52, 29, 44, 40, 47. ಯಾವ ಕಾಲು ಎಂದು ಕಾಗದವೇ ಹೇಳುತ್ತಿದೆ, ತಲೆದಿಂಬಿನ ಕಡೆಯ ಎಡಗಾಲು. ಬಿಸಿಲಿಗಿಡೋಣವೆಂದರೆ ಈ ಜುಲೈಯಲ್ಲಿ ಸೂರ್ಯ ಇದ್ದಾನೆಂಬುದೇ ನಂಬಿಕೆಯ ವಿಷಯ.

ಹುತ್ತದ ಮೇಲೆ ಅಣಬೆ ಎದ್ದಿದೆ. ಒಳಗಿನ ಶಿಲೀಂಧ್ರದ ತೋಟದ್ದೇ ಹೂವು ಅದು, ಬೇರೆಲ್ಲೂ ಹುಟ್ಟುವುದಿಲ್ಲ. ಏಪ್ರಿಲ್‌ನಲ್ಲಿ ಹುತ್ತಕ್ಕೆ ಔಷಧಿ ಹೊಯ್ದಿದ್ದರೆ ಇದು ಇರುತ್ತಿರಲಿಲ್ಲ. ಕೆಲಸದಾಕೆ ಬುಟ್ಟಿ ತುಂಬಿಕೊಂಡು ಹೋದರು, ಮಂಡಕ್ಕಿ ತಪ್ಪಿದ್ದಕ್ಕೆ ಪರಿಹಾರ.

ಅಕ್ಟೋಬರ್ 20

ಮಳೆ ಬಿಟ್ಟು ಒಳ್ಳೇ ಬಿಸಿಲು ಬಂದ ಮೇಲೆ ಮಂಚದ ಕಾಲನ್ನು ಕಪ್ಪು ಪ್ಲಾಸ್ಟಿಕ್ ಸುತ್ತಿ ಅಂಗಳದಲ್ಲಿಟ್ಟೆ. ಮರದ ನಡುಭಾಗ 55 ಡಿಗ್ರಿ ದಾಟಿ ಒಂದು ಗಂಟೆ ನಿಂತರೆ ಇವು ಉಳಿಯುವುದಿಲ್ಲ. ತೂತು ಕೊರೆದು ತಾಪಮಾಪಕ ತೂರಿಸಿದ್ದೆ. ಹೊರಮೈ 61, ನಡುವೆ 44. ಮೂರು ದಿನ ಪ್ರಯತ್ನಿಸಿ ಕೈಬಿಟ್ಟೆ. ಇಷ್ಟು ದಪ್ಪದ ಕಾಲಿಗೆ ಅಂಗಳದ ಬಿಸಿಲು ಸಾಲದು.

ಆಚಾರಿಯವರನ್ನು ಕರೆಸಿದೆ. ಉಗುರಲ್ಲಿ ಗೀಚಿ, ಮೂಸಿ, "ಹಲಗೆ, ಮೂರು ಕಾಲು ಹಲಸಿನ ಚೇಗು ಮಾರಾಯ್ರೇ, ಇದೊಂದು ಮಾವು. ಯಾರೋ ಆಮೇಲೆ ಸೇರಿಸಿದ್ದು" ಎಂದರು. ಮುರಿದ ಕಾಲಿಗೆ ಅಗ್ಗದ ಮರ ಜೋಡಿಸಿದ್ದು ಅಜ್ಜಿಯ ಕಾಲದಲ್ಲೋ, ಅದಕ್ಕೂ ಹಿಂದೆಯೋ. ಬುಡ ಮುಚ್ಚಿದ್ದೂ ಮಾವೇ, ಕಾಲು ಜೋಡಿಸಿದ್ದೂ ಮಾವೇ.

ಕಾಲನ್ನು ಉದ್ದಕ್ಕೆ ಸೀಳಿದರು. ಒಳಗೆ ನಯವಾದ ಕೋಣೆಗಳು, ಕಾಳುಗಳ ರಾಶಿ, ನಾನ್ನೂರೋ ಐನೂರೋ ಹುಳುಗಳು. ಸೈನಿಕನ ತಲೆ ಕಪ್ಪಗೆ, ಮೊಂಡಾಗಿ, ಬಾಟಲಿಯ ಬಿರಡೆಯಂತೆ. ಇರುವೆ ಬಂದರೆ ಸುರಂಗಕ್ಕೆ ತಲೆಯನ್ನೇ ಅಡ್ಡ ಹಾಕಿ ಮುಚ್ಚುವ ಉಪಾಯ. ಹಾಲಿನ ಹನಿ, ಹಲ್ಲಿನ ದವಡೆ, ಬಿರಡೆ ತಲೆ: ಒಂದೇ ಹಿತ್ತಿಲಲ್ಲಿ ಮೂರು ಥರದ ಸೈನ್ಯ, ನಮಗೆ ಎಲ್ಲಕ್ಕೂ ಒಂದೇ ಹೆಸರು. ಕಾಲು ಒಲೆಗೆ ಹೋಯಿತು. ಹಲಸಿನ ಹೊಸ ಕಾಲಿಗೆ ಗೇರೆಣ್ಣೆ ಬಳಿಯುತ್ತೇನೆ ಎಂದರು ಆಚಾರಿಯವರು; ಕೈಗೆ ತಾಗಿದರೆ ಸುಡುತ್ತದೆ, ಬಣ್ಣ ಕಪ್ಪಗಾಗುತ್ತದೆ, ಆದರೆ ಹುಳು ಹತ್ತಿರ ಬರುವುದಿಲ್ಲವಂತೆ.

ನವೆಂಬರ್ 3

ಮಂಚ ವಾಪಸ್ ಕೋಣೆಗೆ ಬಂದಿದೆ. ಕಾಲು ಕಪ್ಪಗಾಗಿದ್ದಕ್ಕೆ ಅಮ್ಮ ಏನೂ ಅನ್ನಲಿಲ್ಲ, ನೆಲದ ಸಿಡುಬನ್ನು ಮಾತ್ರ ಇನ್ನೊಮ್ಮೆ ನೆನಪಿಸಿದರು. ಹತ್ತು ದಿನ ಕರಿ ಕಾಗದ ಖಾಲಿ. ಇವತ್ತು ಬೆಳಗ್ಗೆ 3 ಕಾಳು, ಹಲಗೆ ಕಾಲು ಕೂಡುವ ಸಂದಿಯ ನೇರಕ್ಕೆ. ಹುಳು ಸತ್ತ ಮೇಲೂ ಹಳೇ ಕಾಳು ಅಲುಗಾಡಿದಾಗ ಉದುರುವುದುಂಟು, ನಿನ್ನೆ ಅಣ್ಣನ ಮಗಳು ಮಂಚದ ಮೇಲೆ ಕುಣಿದದ್ದೂ ಹೌದು. ಸಂದಿಯನ್ನು ಬ್ರಷ್ಷಿನಿಂದ ಪೂರ್ತಿ ಉಜ್ಜಿ ತೆಗೆದು ಹೊಸ ಕಾಗದ ಹಾಸಿದ್ದೇನೆ. ಈ ವಾರ ಯಾರೂ ಕುಣಿಯುವಂತಿಲ್ಲ.