ಸಿಗ್ನಲ್ ಇಲ್ಲದ ಕಡೆಯೂ ತೆರೆಯಬೇಕಾದ ಟಿಪ್ಪಣಿ

ನಮ್ಮ ಸರ್ವಿಸ್ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗರು ಬಂದ ಕೆಲವೇ ದಿನಗಳಲ್ಲಿ ಕೇಳುವ ಪ್ರಶ್ನೆಗಳಲ್ಲಿ ನೋಟ್ಸ್ ಬರೆದಿಡಲು ಯಾವ ಆ್ಯಪ್ ಒಳ್ಳೆಯದು ಎಂಬುದೂ ಒಂದು. ಯುಪಿಎಸ್ ರಿಪೇರಿಗೆಂದು ಊರೂರು ತಿರುಗುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಕಂಪನಿಯ ಎಫ್‌ಎಸ್‌ಆರ್‌ನಲ್ಲಿ, ಅಂದರೆ ಪ್ರತಿ ಭೇಟಿಗೂ ತುಂಬುವ ಸರ್ವಿಸ್ ವರದಿಯಲ್ಲಿ, ಇನ್‌ಪುಟ್ ವೋಲ್ಟೇಜ್, ಔಟ್‌ಪುಟ್ ಕರೆಂಟ್, ಬ್ಯಾಟರಿ ರೀಡಿಂಗ್, ಗ್ರಾಹಕರ ಸಹಿ ಇಷ್ಟಕ್ಕೆ ಮಾತ್ರ ಜಾಗವಿದೆ. ಬ್ಯಾಟರಿ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಯಾವ ಪ್ಯಾನಲ್ಲಿನ ಲೇಬಲ್ಲನ್ನು ನಂಬಬಾರದು, ಎಲ್ಲಿ ನ್ಯೂಟ್ರಲ್ ಸಡಿಲವಾಗಿತ್ತು, ಯಾವ ಸೈಟಿನಲ್ಲಿ ಯಾವ ಹೊತ್ತಿಗೆ ಶಟ್‌ಡೌನ್ ಕೊಡುತ್ತಾರೆ ಎಂಬುದಕ್ಕೆಲ್ಲ ಅದರಲ್ಲಿ ಕಾಲಮ್ ಇಲ್ಲ. ನಿಜವಾಗಿ ಕೆಲಸಕ್ಕೆ ಬರುವುದು ಈ ಎರಡನೆಯ ಬಗೆಯ ಮಾಹಿತಿಯೇ, ಮತ್ತು ಅದು ಉಳಿಯುವುದು ಎಂಜಿನಿಯರ್ ತಾನಾಗಿ ಬರೆದಿಟ್ಟುಕೊಂಡರೆ ಮಾತ್ರ.

ಒಬ್ಬೊಬ್ಬರದು ಒಂದೊಂದು ದಾರಿ. ನಮ್ಮ ಹಿರಿಯರೊಬ್ಬರು ಇಂದಿಗೂ ಅಂಗಿಯ ಜೇಬಿನಲ್ಲಿ ಹಿಡಿಸುವ ಡೈರಿಯನ್ನೇ ಬಳಸುತ್ತಾರೆ. ಬಹುತೇಕ ಹುಡುಗರು ವಾಟ್ಸಾಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುತ್ತಾರೆ. 2022ರ ನವೆಂಬರಿನಲ್ಲಿ ವಾಟ್ಸಾಪ್ ಅದಕ್ಕೆಂದೇ ಸೌಲಭ್ಯ ಪ್ರಕಟಿಸುವ ಮೊದಲು ಒಬ್ಬರೇ ಸದಸ್ಯರಿರುವ ಗುಂಪು ಮಾಡಿಕೊಂಡು ಅದರಲ್ಲಿ ಹಾಕುತ್ತಿದ್ದರು. ಕೆಲವರ ಟಿಪ್ಪಣಿಗಳೆಲ್ಲ ಫೋಟೋ ಗ್ಯಾಲರಿಯಲ್ಲೇ ಇವೆ. ಇನ್ನೊಬ್ಬರು ಯುಪಿಎಸ್‌ನ ಸರ್ವಿಸ್ ಮೋಡ್ ಪಾಸ್‌ವರ್ಡುಗಳನ್ನೆಲ್ಲ ಬಣ್ಣಬಣ್ಣದ ಕಾರ್ಡುಗಳಲ್ಲಿ ಬರೆದು, ಲಾಕ್ ಹಾಕದ ಫೋನಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಅವರಿಗೆ ಹೇಳಿ ಹೇಳಿ ನಾವು ಸಾಕಾಗಿದ್ದೇವೆ.

ಈ ಅಂಕೆಯಿಲ್ಲದ ಸ್ಥಿತಿಯನ್ನು ಸರಿಪಡಿಸಲು ಎಲ್ಲರಿಗೂ ಒಂದೇ ಆ್ಯಪ್ ಎಂದು ಮ್ಯಾನೇಜ್‌ಮೆಂಟ್ ತೀರ್ಮಾನಿಸಿ, ಆಯ್ಕೆಗೆ ಒಂದು ಸಮಿತಿ ಮಾಡಿತು. ಅದರಲ್ಲಿ ಫೀಲ್ಡ್ ಕಡೆಯಿಂದ ನಾನಿದ್ದೆ. ಎಕ್ಸೆಲ್ ಶೀಟಿನಲ್ಲಿ ಆ್ಯಪ್‌ಗಳ ಹೆಸರುಗಳನ್ನು ಅಡ್ಡಕ್ಕೂ ಗುಣಗಳನ್ನು ಉದ್ದಕ್ಕೂ ಬರೆದು, ಟೇಬಲ್ ಇದೆಯೇ, ಟೆಂಪ್ಲೇಟ್ ಇದೆಯೇ, ಟ್ಯಾಗ್ ಇದೆಯೇ, ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಲಿಂಕ್ ಕೊಡಬಹುದೇ, ಮ್ಯಾನೇಜರ್ ಎಲ್ಲರದನ್ನೂ ನೋಡಬಹುದೇ ಎಂದು ಟಿಕ್ ಹಾಕುತ್ತಾ ಹೋದೆವು. ಹೆಚ್ಚು ಟಿಕ್ ಬಿದ್ದದ್ದು ಒಬ್ಬ ವೆಂಡರ್ ನಮ್ಮ ಕಂಪನಿಗಾಗಿಯೇ ಸಜ್ಜುಗೊಳಿಸಿಕೊಟ್ಟ ಒಂದು ಕ್ಲೌಡ್ ಆ್ಯಪ್‌ಗೆ. ಮುಂದೆ ನಾನು ಹೆಸರಿಸುವ ಯಾವ ಆ್ಯಪ್ ಕೂಡ ಅದಲ್ಲ. ಸೈಟ್ ಹೆಸರು ಒತ್ತಿದರೆ ಸೀರಿಯಲ್ ನಂಬರ್, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಅವಧಿ, ಹಿಂದಿನ ಪಿಎಂ (ಕೆಡುವ ಮೊದಲೇ ಮಾಡುವ ತಪಾಸಣೆ) ವಿಸಿಟ್‌ಗಳೆಲ್ಲ ಒಂದೇ ಪರದೆಯ ಮೇಲೆ ಬರುವುದನ್ನು ಕಂಡು ನಾನು ಮರುಳಾಗಿದ್ದೆ. ಕಚೇರಿಯ ವೈಫೈನಲ್ಲಿ ಕುಳಿತು ಪರೀಕ್ಷಿಸಿದೆ, ಚೆನ್ನಾಗಿದೆ ಎಂದು ಬರೆದುಕೊಟ್ಟೆ, ನನ್ನ ಹಳೆಯ ಟೆಕ್ಸ್ಟ್ ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿ ಫೋನಿನಿಂದ ಅಳಿಸಿದೆ. ಯುಪಿಎಸ್ ರೂಮುಗಳೆಲ್ಲ ಎಲ್ಲಿರುತ್ತವೆ ಎಂಬುದು ನನಗಿಂತ ಚೆನ್ನಾಗಿ ಆ ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಶೀಟಿಗೆ ಆ ಪ್ರಶ್ನೆಯನ್ನು ಸೇರಿಸಬೇಕೆಂದು ನನಗೆ ಹೊಳೆಯಲಿಲ್ಲ.

ಆಮೇಲೆ ಬಂದದ್ದು ಒಂದು ಆಸ್ಪತ್ರೆಯ ಬ್ರೇಕ್‌ಡೌನ್ ಕಾಲ್. 60 ಕೆವಿಎ ಯುಪಿಎಸ್, ಇನ್ವರ್ಟರ್ ಫೇಲ್, ಲೋಡ್ ಸ್ಟ್ಯಾಟಿಕ್ ಬೈಪಾಸ್ ಮೇಲೆ ನಿಂತಿದೆ, ಅಂದರೆ ಆಸ್ಪತ್ರೆಯ ಯಂತ್ರಗಳು ಬ್ಯಾಟರಿಯ ಆಸರೆಯಿಲ್ಲದೆ ನೇರ ಮೇನ್ಸ್ ಕರೆಂಟಿನಲ್ಲಿ ಓಡುತ್ತಿವೆ. ಒಳಗಿನ ಸರ್ಕ್ಯೂಟ್ ಕಾರ್ಡ್ ಬದಲಿಸಬೇಕಾದರೆ ಲೋಡನ್ನು ಯುಪಿಎಸ್ಸಿನ ಹೊರಗಿನಿಂದಲೇ ಹೋಗುವ ಮೇಂಟೆನೆನ್ಸ್ ಬೈಪಾಸ್‌ಗೆ ಸರಿಸಿ, ಯುಪಿಎಸ್ ಪೂರ್ತಿ ಆಫ್ ಮಾಡಬೇಕು. ನಾನು ಎಷ್ಟೋ ಸಲ ಮಾಡಿರುವ ಕೆಲಸವಿದು. ಆದರೆ ಬೇಸ್‌ಮೆಂಟಿನ ಆ ಪ್ಯಾನಲ್ಲಿನ ಮುಂದೆ ನಿಂತು ಬ್ರೇಕರಿಗೆ ಕೈ ಹಾಕುವ ಹೊತ್ತಿಗೆ, ಈ ಸೈಟಿನ ಬೈಪಾಸ್ ವಿಷಯದಲ್ಲಿ ಏನೋ ಒಂದು ತೊಡಕಿದೆ, ಹಿಂದಿನ ಪಿಎಂನಲ್ಲಿ ಅದನ್ನು ಕಂಡು ಬರೆದಿಟ್ಟಿದ್ದೇನೆ ಎಂಬುದು ನೆನಪಾಯಿತು. ಬರೆದದ್ದು ನೆನಪಿದೆ, ಬರೆದುದರಲ್ಲಿ ಏನಿತ್ತೆಂಬುದು ನೆನಪಿಲ್ಲ. ಬರೆದಿಟ್ಟಿದ್ದೇನೆ ಎಂಬ ಧೈರ್ಯದಿಂದಲೇ ಅದನ್ನು ಮರೆತಿದ್ದೆನೋ ಏನೋ.

ಫೋನ್ ತೆಗೆದು ಆ್ಯಪ್ ಒತ್ತಿದೆ. ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಎಂದಿತು. ಭದ್ರತೆಯ ಹೆಸರಿನಲ್ಲಿ ನಮ್ಮ ಐಟಿಯವರು ಆಗಾಗ ಎಲ್ಲರನ್ನೂ ಲಾಗೌಟ್ ಮಾಡಿಸುತ್ತಾರೆ. ಅದು ಯಾವ ಹೊತ್ತಿಗೆ ಬರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಆ ರೂಮಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಕಾಯುತ್ತಿದ್ದರು. “ಸಾರ್, ಮೇಲೆ ಓಟಿಯಲ್ಲಿ ಕೇಸ್ ನಡೀತಾ ಇದೆ. ಈಗ್ಲೇ ಬೈಪಾಸ್‌ಗೆ ಹಾಕ್ಬೋದಾ, ಕಾಯ್ಬೇಕಾ? ಹೇಳ್ಬಿಡಿ, ನಾನು ಸಿಸ್ಟರ್‌ಗೆ ತಿಳಿಸ್ಬೇಕು” ಎಂದರು. ಅವರು ಆ ಆಸ್ಪತ್ರೆಗೆ ಹೊಸಬರು; ಪ್ಯಾನಲ್ ಕಟ್ಟಿಸಿದ ಕಾಲದಿಂದ ಇದ್ದವರು ನಿವೃತ್ತರಾಗಿ ಊರಿಗೆ ಹೋಗಿದ್ದರು. “ಸ್ವಲ್ಪ ಇರಿ ಅಣ್ಣ, ನೋಡಿ ಹೇಳ್ತೀನಿ” ಎಂದು ಮಲ್ಟಿಮೀಟರ್ ಕೈಗೆತ್ತಿಕೊಂಡೆ. ತೆರೆದಿದ್ದ ಬೈಪಾಸ್ ಬ್ರೇಕರಿನ ಮೇಲಿನ ಮತ್ತು ಕೆಳಗಿನ ಟರ್ಮಿನಲ್ಲುಗಳ ನಡುವೆ ಒಂದೊಂದೇ ಫೇಸ್ ಅಳೆದೆ. ಮೂರರಲ್ಲೂ ಎರಡು ಮೂರು ವೋಲ್ಟಿಗಿಂತ ಹೆಚ್ಚಿಲ್ಲ. ಫೇಸ್ ಅದಲುಬದಲಾಗಿದ್ದರೆ ಅಲ್ಲಿ ನಾನೂರರ ಆಸುಪಾಸು ಬರಬೇಕಿತ್ತು. ಹಾಗಾದರೆ ಎಲ್ಲವೂ ಸರಿಯಿದೆ, ಬ್ರೇಕರ್ ಹಾಕಬಹುದು ಎಂದು ಮೀಟರ್ ಹೇಳುತ್ತಿದೆ. ಬರೆದಿಟ್ಟದ್ದು ಬೇರೇನೋ ಇದೆ ಎಂದು ಮನಸ್ಸು ಹೇಳುತ್ತಿದೆ. ಹಿಡಿಯ ಮೇಲೆ ಕೈ ಇಟ್ಟವನು ಮತ್ತೆ ತೆಗೆದೆ.

ರ್‍ಯಾಂಪ್ ಹತ್ತಿ ಆಂಬುಲೆನ್ಸ್ ನಿಲ್ಲುವ ಕಡೆಗೆ ಓಡಿದೆ. ಪಾಸ್‌ವರ್ಡ್ ಹಾಕಿದ ಮೇಲೆ ಓಟಿಪಿ ಕೇಳಿತು, ಓಟಿಪಿ ಬರುವಷ್ಟರಲ್ಲಿ ಪುಟದ ಅವಧಿ ಮುಗಿಯಿತು, ಎರಡನೆಯದು ಬಂದು ಒಳಹೋದರೆ ವರ್ಕ್‌ಸ್ಪೇಸ್ ಸಿದ್ಧವಾಗುತ್ತಿದೆ ಎಂದು ಒಂದು ಚಕ್ರ ತಿರುಗತೊಡಗಿತು. ನನಗೆ ಬೇಕಿದ್ದದ್ದು ಒಂದು ಸಾಲು; ಅದು ಇಳಿಸಿಕೊಳ್ಳುತ್ತಿದ್ದದ್ದು ಇಡೀ ದಕ್ಷಿಣ ವಲಯದ ಸೈಟ್ ಪಟ್ಟಿ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಹಿಂದೆಯೇ ಬಂದು, ನಾನು ಯಾರಿಗಾದರೂ ಫೋನ್ ಮಾಡುತ್ತಿದ್ದೇನೆಯೇ ಎಂದು ನೋಡಿ, ಸುಮ್ಮನೆ ನಿಂತರು. ಕೊನೆಗೂ ತೆರೆದುಕೊಂಡ ಟಿಪ್ಪಣಿಯಲ್ಲಿ, ನನ್ನದೇ ಮಾತಿನಲ್ಲಿ, ಮೇಂಟೆನೆನ್ಸ್ ಬೈಪಾಸ್ ಬೇರೆ ಫೀಡರಿನಿಂದ (ವಿದ್ಯುತ್ ಸಾಲಿನಿಂದ) ಬರುತ್ತದೆ, ಆ ಫೀಡರಿಗೆ ಡಿಜಿ (ಡೀಸೆಲ್ ಜನರೇಟರ್) ಇಲ್ಲ ಎಂದು ಬರೆದಿತ್ತು. ಎರಡೂ ಫೀಡರು ಒಂದೇ ಟ್ರಾನ್ಸ್‌ಫಾರ್ಮರಿನವು, ಆದ್ದರಿಂದ ಮೀಟರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಾವು ಬೈಪಾಸ್‌ಗೆ ಹಾಕಿ ಯುಪಿಎಸ್ ಬಿಚ್ಚಿ ಕುಳಿತಾಗ ಕರೆಂಟ್ ಹೋದರೆ, ಡಿಜಿ ಹೊರಗೆ ಎಷ್ಟು ಓಡಿದರೂ ಓಟಿಯ ಸಾಕೆಟ್ಟಿಗೆ ವಿದ್ಯುತ್ ಬರುವುದಿಲ್ಲ.

ಕೇಸ್ ಮುಗಿಯುವವರೆಗೂ ಕಾದೆವು. ಇನ್‌ಚಾರ್ಜ್ ಸಿಸ್ಟರ್ ಐಸಿಯುನ ಯಂತ್ರಗಳನ್ನು ಡಿಜಿ ಇರುವ ಬೇರೆ ಸಾಲಿನ ಸಾಕೆಟ್ಟುಗಳಿಗೆ ಬದಲಿಸಿ ಬರೆದುಕೊಟ್ಟ ಮೇಲೆ ಕೆಲಸ ಶುರುಮಾಡಿ, ಕಾರ್ಡ್ ಹಾಕಿ, ಲೋಡನ್ನು ಮತ್ತೆ ಇನ್ವರ್ಟರಿಗೆ ತಂದೆ. ಕಾಲ್ ಎಸ್‌ಎಲ್‌ಎ, ಅಂದರೆ ಗ್ರಾಹಕರಿಗೆ ಒಪ್ಪಿಕೊಂಡ ಗಡುವು, ದಾಟಿತ್ತು. ತಡವಾದುದಕ್ಕೆ ಕಾರಣ ಕೇಳಿದ ಮ್ಯಾನೇಜರಿಗೆ ನಡೆದದ್ದನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ. ಸಿಸ್ಟಮ್‌ನಲ್ಲಿ ಅದಕ್ಕೆ ಹೊಂದುವ ಆಯ್ಕೆ ಇಲ್ಲದ್ದರಿಂದ ‘ಗ್ರಾಹಕರ ಕಡೆಯಿಂದ ವಿಳಂಬ’ ಎಂದು ಅವರು ಮುಚ್ಚಿದರು.

ಅಲ್ಲಿಂದೀಚೆಗೆ ನಾನು ಯಾವ ಆ್ಯಪನ್ನು ನೋಡಿದರೂ ಟೇಬಲ್, ಬಣ್ಣ, ಟೆಂಪ್ಲೇಟುಗಳನ್ನು ಕೊನೆಗೆ ನೋಡುತ್ತೇನೆ. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬಹಳ ಕಾಲದಿಂದ ತೆರೆಯದಿರುವ ಒಂದು ಟಿಪ್ಪಣಿಯನ್ನು, ಅದರೊಳಗಿನ ಫೋಟೋ ಸಮೇತ, ತೆರೆಯಲು ನೋಡುತ್ತೇನೆ. ಇತ್ತೀಚೆಗೆ ತೆರೆದಿದ್ದನ್ನು ಎಲ್ಲ ಆ್ಯಪ್‌ಗಳೂ ಹೇಗೋ ತೋರಿಸುತ್ತವೆ, ಮೋಸವಾಗುವುದು ಹಳೆಯದರಲ್ಲಿ. ಗೂಗಲ್ ಕೀಪ್ 2013ರಿಂದ ಇದೆ, ಫೋನಿನಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತದೆ, ಆದರೆ ಫೋಲ್ಡರ್ ಇಲ್ಲ, ಲೇಬಲ್ ಮಾತ್ರ. ದಿನಸಿ ಪಟ್ಟಿಗೂ ಮರುದಿನದ ನೆನಪೋಲೆಗೂ ಅದಕ್ಕಿಂತ ಸಲೀಸಾದದ್ದು ನನಗೆ ಸಿಕ್ಕಿಲ್ಲ, ನೂರಾರು ಸೈಟುಗಳ ಮಾಹಿತಿಗೆ ಅದು ಒಗ್ಗುವುದಿಲ್ಲ. ಒನ್‌ನೋಟ್ ಕಚೇರಿಯಲ್ಲಿ ಮೈಕ್ರೋಸಾಫ್ಟ್ ಲೈಸೆನ್ಸ್ ಇರುವವರಿಗೆ ಸಹಜ ಆಯ್ಕೆ, ಪುಟದ ಮೇಲೆ ಎಲ್ಲಿ ಬೇಕಾದರೂ ಬರೆಯಬಹುದು, ಸ್ಕೆಚ್ ಹಾಕಬಹುದು. ಆದರೆ ಪಾಸ್‌ವರ್ಡ್ ಹಾಕಿದ ಸೆಕ್ಷನ್ ಬೀಗ ತೆಗೆಯುವವರೆಗೂ ಹುಡುಕಾಟಕ್ಕೆ ಸಿಗುವುದಿಲ್ಲ, ಮತ್ತು ಸೈಟಿಗೆ ಹೊರಡುವ ಮುನ್ನ ಬೇಕಾದ ಸೆಕ್ಷನ್ ಫೋನಿಗೆ ಸಿಂಕ್ ಆಗಿದೆಯೇ ಎಂದು ನೋಡಿಕೊಳ್ಳಬೇಕು. ನೋಷನ್‌ಗೆ ಸರಿಯಾದ ಆಫ್‌ಲೈನ್ ಸೌಲಭ್ಯ ಬಂದದ್ದು 2025ರ ಆಗಸ್ಟಿನಲ್ಲಿ. ಕೂತು ಕೆಲಸ ಮಾಡುವ ತಂಡಗಳಿಗೆ ಅದು ಬಹಳ ಹಿಡಿಸಿರುವುದನ್ನು ಕಂಡಿದ್ದೇನೆ. ತಿರುಗಾಟದ ಕೆಲಸಕ್ಕೆ ನಾನು ಅದನ್ನು ಆರಿಸಲಾರೆ.

ಎರಡನೆಯದಾಗಿ ನೋಡುವುದು, ಬಿಟ್ಟುಹೋಗುವ ದಿನ ನನ್ನ ಬರಹ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದನ್ನು. ಎವರ್‌ನೋಟ್ 2008ರಿಂದ ಎಷ್ಟೋ ಜನರ ನೆಚ್ಚಿನ ಆ್ಯಪ್ ಆಗಿತ್ತು. ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಕೈಗೆ ಹೋದ ಮೇಲೆ, 2023ರ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ಟಿಪ್ಪಣಿ ಮತ್ತು ಒಂದೇ ನೋಟ್‌ಬುಕ್ ಎಂಬ ಮಿತಿ ಬಂತು. ಹಳೆಯದನ್ನು ಓದಲು, ಹೊರಗೆ ತೆಗೆಯಲು ಅಡ್ಡಿಯಿರಲಿಲ್ಲ, ಹೊಸದನ್ನು ಸೇರಿಸಲು ಹಣ ಕೊಡಬೇಕಾಯಿತು. ಕಂಪನಿಯವರು ಹಣ ಕೇಳುವುದು ತಪ್ಪಲ್ಲ. ಆದರೆ ಇಂಥ ದಿನ ಯಾವ ಆ್ಯಪ್‌ಗೂ ಬರಬಹುದಾದ್ದರಿಂದ, ಒಂದು ಟಿಪ್ಪಣಿಯನ್ನು ಮೊದಲೇ ಹೊರತೆಗೆದು, ಫೋಟೋಗಳು ಅದರ ಜೊತೆಗೇ ಬಂದಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೀಪ್‌ನಲ್ಲಿ ಬರೆದದ್ದು ಗೂಗಲ್ ಟೇಕ್‌ಔಟ್ ಮೂಲಕ ಹೊರಬರುತ್ತದೆ, ಆದರೆ ಆ ಕಡತಗಳ ರಾಶಿಯನ್ನು ಬೇರೊಂದು ಆ್ಯಪ್‌ಗೆ ಸೇರಿಸುವುದು ಬೇಸರದ ಕೆಲಸ.

ಈ ಎರಡು ಪರೀಕ್ಷೆಗಳಲ್ಲೂ ನನ್ನ ಮಟ್ಟಿಗೆ ಗೆದ್ದದ್ದು ಅಬ್ಸಿಡಿಯನ್. ಅದರಲ್ಲಿ ಪ್ರತಿ ಟಿಪ್ಪಣಿಯೂ ಫೋನಿನ ಒಂದು ಫೋಲ್ಡರಿನೊಳಗಿನ ಸಾದಾ ಮಾರ್ಕ್‌ಡೌನ್ ಕಡತ. ಖಾತೆ ತೆರೆಯಬೇಕಾಗಿಲ್ಲ, ಆದ್ದರಿಂದ ಲಾಗೌಟ್ ಮಾಡಿಸುವವರೂ ಇಲ್ಲ. ನಾಳೆ ಆ ಆ್ಯಪ್ ನಿಂತುಹೋದರೂ ಕಡತಗಳನ್ನು ಯಾವ ಟೆಕ್ಸ್ಟ್ ಎಡಿಟರಿನಲ್ಲಾದರೂ ಓದಬಹುದು. ಕಚೇರಿ ಕೆಲಸಕ್ಕೆ ಬಳಸಲು ಇದ್ದ ಲೈಸೆನ್ಸ್ ಶುಲ್ಕವನ್ನು 2025ರ ಫೆಬ್ರುವರಿಯಲ್ಲಿ ಅವರು ಐಚ್ಛಿಕಗೊಳಿಸಿದರು. ಫೋನಿನಿಂದ ಲ್ಯಾಪ್‌ಟಾಪ್‌ಗೆ ಅವರ ಮೂಲಕವೇ ಸಿಂಕ್ ಬೇಕೆಂದರೆ ಹಣ ಕೊಡಬೇಕು; ನಾನು ಕೇಬಲ್ ಹಾಕಿ ಫೋಲ್ಡರನ್ನು ನಕಲು ಮಾಡಿಕೊಳ್ಳುತ್ತೇನೆ, ಮರೆತರೆ ಬೈದುಕೊಳ್ಳುತ್ತೇನೆ. ಅಷ್ಟು ತಾಪತ್ರಯ ಬೇಡವೆನ್ನುವವರಿಗೆ ಓಪನ್ ಸೋರ್ಸ್ ಆದ ಜೋಪ್ಲಿನ್ ಇದೆ. ಅದು ಟಿಪ್ಪಣಿಗಳನ್ನು ಫೋನಿನಲ್ಲೇ ಇಟ್ಟುಕೊಂಡು, ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ನೆಕ್ಸ್ಟ್‌ಕ್ಲೌಡ್‌ಗಳ ಮೂಲಕ ಸಿಂಕ್ ಆಗುತ್ತದೆ, ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ನೂ ಇದೆ. ಗ್ರಾಹಕರ ಸೈಟಿನ ಮಾಹಿತಿ ಕಂಪನಿಯ ಕಣ್ಣು ತಪ್ಪಿಸಿ ಸ್ವಂತ ಆ್ಯಪಿನಲ್ಲಿ ಕೂರಬಾರದು ಎಂಬ ಐಟಿಯವರ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆಂದೇ ನನ್ನ ಕಡತಗಳಲ್ಲಿ ಆಸ್ಪತ್ರೆಯ ಹೆಸರಾಗಲಿ ಫೋನ್ ನಂಬರಾಗಲಿ ಪಾಸ್‌ವರ್ಡಾಗಲಿ ಇಲ್ಲ, ಯುಪಿಎಸ್‌ನ ಸೀರಿಯಲ್ ನಂಬರೇ ತಲೆಬರಹ.

ಸೀರಿಯಲ್ ನಂಬರನ್ನು ಹಿಡಿದುಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಬರೆದದ್ದನ್ನು ಹುಡುಕುವಾಗ ಅನೇಕ ಆ್ಯಪ್‌ಗಳು ಕೈಕೊಡುತ್ತವೆ. ಬೇಸ್‌ಮೆಂಟ್ ಎಂದು ಬರೆಯುವಾಗ ಒಂದು ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಅಕ್ಷರವನ್ನು ಸೇರಿಸುತ್ತದೆ, ಇನ್ನೊಂದು ಸೇರಿಸದೆ ಒತ್ತಕ್ಷರ ಮಾಡುತ್ತದೆ; ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ಇವೆರಡೂ ಬೇರೆ ಬೇರೆ ಪದಗಳು. ನಾನು ಒಮ್ಮೆ ಬ್ಯಾಟರಿ, ಇನ್ನೊಮ್ಮೆ ಬ್ಯಾಟ್ರಿ ಎಂದು ಬರೆಯುವ ಸೋಮಾರಿತನವೂ ಅದಕ್ಕೆ ಸೇರುತ್ತದೆ. ಅಂಕಿಗಳಿಗೆ ಈ ಕಾಟವಿಲ್ಲ. ತಲೆಬರಹದ ಕೆಳಗೆ ಮೊದಲ ಸಾಲಿನಲ್ಲೇ ಅಪಾಯದ ವಿಷಯ, ಆಮೇಲೆ ಉಳಿದದ್ದು. ಡಿಜಿ ಇಲ್ಲದ ಆ ಫೀಡರಿನ ಮಾತು ಹಿಂದೆ ಬ್ಯಾಟರಿ ರೀಡಿಂಗುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿತ್ತು.

ವೆಂಡರಿನ ಲೈಸೆನ್ಸ್ ನವೀಕರಣ ಈಗ ಮತ್ತೆ ಬಂದಿದೆ. ಡೆಮೊ ಎಂದಿನಂತೆ ಕಾನ್ಫರೆನ್ಸ್ ರೂಮಿನಲ್ಲೇ ನಡೆಯಿತು. ಏರೋಪ್ಲೇನ್ ಮೋಡಿನಲ್ಲಿ ತೋರಿಸಿ ಎಂದು ನಾನು ಕೇಳಿದ್ದಕ್ಕೆ, ಅದು ರೋಡ್‌ಮ್ಯಾಪಿನಲ್ಲಿದೆ ಎಂದರು. ಹೋದ ಸಲದ ಸ್ಲೈಡಿನಲ್ಲೂ ಆ ರೋಡ್‌ಮ್ಯಾಪ್ ಇತ್ತು. ಹಾಗಿದ್ದರೆ ಬರವಣಿಗೆಯಲ್ಲಿ ಕೊಡಿ, ಮುಂದಿನ ರಿವ್ಯೂನಲ್ಲಿ ಚರ್ಚಿಸೋಣ ಎಂದು ಮ್ಯಾನೇಜರ್ ಹೇಳಿದರು, ಕೊಟ್ಟೆ. ಮೊನ್ನೆ ಅಜೆಂಡಾ ಬಂದಿದೆ. ಆಫ್‌ಲೈನ್ ಸೌಲಭ್ಯ ಅದರಲ್ಲಿ ಏಳನೆಯ ವಿಷಯ, ಡಾರ್ಕ್ ಮೋಡ್ ಆರನೆಯದು.