ಮುಳ್ಳೇರಿಯದ ಬೊಗಳುವ ನಾಯಿ

ಮೂರು ದಿನಗಳ ಕಾಸರಗೋಡು ಪ್ರವಾಸದಲ್ಲಿ ಬೇಕಲ ಕೋಟೆಗೆ ಒಂದಿಡೀ ದಿನ ಕೊಟ್ಟಿದ್ದೆ. ಈಗ ಬರೆಯಲು ಕುಳಿತರೆ ಕೋಟೆಯ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಹುಟ್ಟುತ್ತಿಲ್ಲ. ಮುರಕಲ್ಲಿನ ಗೋಡೆ ಚೆನ್ನಾಗಿದೆ, ಕಡಲು ಚೆನ್ನಾಗಿದೆ, ಸೆಲ್ಫಿ ತೆಗೆಯುವವರ ಸಾಲು ಮಾತ್ರ ಕೋಟೆಗಿಂತ ಉದ್ದ. ಮಧೂರಿನ ದೇವಸ್ಥಾನದ, ಆನೆಯ ಬೆನ್ನಿನಂತೆ ಬಾಗಿದ ಗಜಪೃಷ್ಠದ ಮಾಡನ್ನು ಇನ್ನೊಮ್ಮೆ ಹೋಗಿ ನಿಧಾನವಾಗಿ ನೋಡಬೇಕು. ನನ್ನನ್ನು ಬರೆಯಲು ಕೂರಿಸಿದ್ದು ಮುಳ್ಳೇರಿಯದ ಹತ್ತಿರದ ಒಂದು ಅಡಿಕೆ ತೋಟ, ಅಲ್ಲಿದ್ದ ಒಂದು ಕಂದು ನಾಯಿ.

ಅಲ್ಲಿಗೆ ತಲುಪುವುದರೊಳಗೆ ಅರ್ಧ ಮರ್ಯಾದೆ ಹೋಗಿತ್ತು. ಚೆರ್ಕಳದಲ್ಲಿ ದಾರಿ ಕವಲಾಗುತ್ತದೆ. ಒಂದು ಬದಿಯಡ್ಕ, ಪೆರ್ಲದ ಕಡೆಗೆ, ಇನ್ನೊಂದು ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ. ಬಂದ ಬಸ್ಸಿನ ಫಲಕದಲ್ಲಿ ಇದ್ದದ್ದು ಮಲಯಾಳ ಮಾತ್ರ. ಪಕ್ಕದವರನ್ನು ಇಂಗ್ಲಿಷಿನಲ್ಲಿ ಕೇಳಿದೆ, ಅವರು ತಲೆಯಾಡಿಸಿದರು, ಹತ್ತಿದೆ, ಬದಿಯಡ್ಕದಲ್ಲಿ ಇಳಿದೆ. ಅಲ್ಲಿಂದ ಮುಳ್ಳೇರಿಯಕ್ಕೆ ಬೇರೆ ಬಸ್ಸು ಹಿಡಿಯುವಾಗ ಕತ್ತಲಾಗಿತ್ತು. ಹೋಗುವವರು ಫಲಕವನ್ನೂ ನಂಬಬೇಡಿ, ತಲೆಯಾಡಿಸುವವರನ್ನೂ ನಂಬಬೇಡಿ. ಕಂಡಕ್ಟರನನ್ನೇ ಕೇಳಿ, ಅದೂ ಕನ್ನಡದಲ್ಲಿ ಕೇಳಿ. ಎರಡನೆಯ ಬಸ್ಸಿನ ಕಂಡಕ್ಟರ್ ನನಗಿಂತ ಒಳ್ಳೆಯ ಕನ್ನಡ ಮಾತನಾಡಿದ.

ಸಹೋದ್ಯೋಗಿಯ ಸೋದರಮಾವ ಟಾರ್ಚು ಹಿಡಿದು ರಸ್ತೆಯ ಬದಿಯಲ್ಲಿ ಕಾಯುತ್ತಿದ್ದರು. ಎಪ್ಪತ್ತು ದಾಟಿದವರು, ತೋಟ ಬಿಟ್ಟು ಬೇರೆ ಕಡೆ ರಾತ್ರಿ ಕಳೆಯಲು ಒಪ್ಪದವರು. ನಾನೂ ಅವರನ್ನು ಮಾವ ಎಂದೇ ಕರೆದೆ. ಊಟಕ್ಕೆ ಒಂದೆಲಗದ ತಂಬುಳಿ, ಕರಿದ ಹಲಸಿನ ಹಪ್ಪಳ. ಪೇಟೆಯ ಹೋಟೆಲಿನಲ್ಲಿ ಎರಡು ದಿನ ತಿಂದ ಪರೋಟದ ಪಾಪವೆಲ್ಲ ಅದರಲ್ಲಿ ತೊಳೆದುಹೋಯಿತು.

ರಾತ್ರಿ ಒಂದೂವರೆಗೆ ನಾಯಿ ಬೊಗಳತೊಡಗಿತು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದ ಹಾಗೆ. ಮಾವ ಎದ್ದು ಡಬ್ಬ ಬಡಿದರು. ಕತ್ತಲಲ್ಲಿ ಏನೋ ಗುಟುರು ಹಾಕಿತು, ಒಣಗಿದ ಸೋಗೆಗಳ ಮೇಲೆ ಭಾರವಾದದ್ದೊಂದು ಓಡಿದ ಸದ್ದಾಯಿತು. ನಾನು ಅಂಗಳ ದಾಟಲಿಲ್ಲ. ದಾಟಬಾರದೆಂದು ಮಾವನೂ ಹೇಳಿದರು, ಅದು ನನ್ನ ಅದೃಷ್ಟ.

ಬೆಳಿಗ್ಗೆ ನೋಡಿದರೆ ಮರಗೆಣಸಿನ ಪಾತಿ ಯಾರೋ ಪಿಕ್ಕಾಸು ಹಿಡಿದು ಅಗೆದಂತಿತ್ತು. ಗೆಣಸನ್ನು ಪೂರ್ತಿ ತಿಂದಿದ್ದರೂ ಬೇಸರವಿರಲಿಲ್ಲವೇನೋ, ಎಲ್ಲಕ್ಕೂ ಒಂದೊಂದು ಬಾಯಿ ಹಾಕಿ ಚೆಲ್ಲಿತ್ತು. ಸುರಂಗದ ನೀರು ಬಂದು ಬೀಳುವ ಹೊಂಡದ ಅಂಚಿನಲ್ಲಿ ಹೊರಳಾಡಿದ ಗುರುತು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳನ್ನು ನೋಡಬೇಕೆಂದೇ ನಾನು ಇಲ್ಲಿಗೆ ಬಂದದ್ದು, ಆದರೆ ಕಣ್ಣು ಹೋದದ್ದು ಪಕ್ಕದ ಅಡಿಕೆ ಮರದ ಮೇಲೆ. ನನ್ನ ಮೊಣಕಾಲಿನಿಂದ ಒಂದು ಗೇಣು ಮೇಲಿನವರೆಗೆ ಹಸಿ ಕೆಸರು ಬಳಿದುಕೊಂಡಿತ್ತು, ಕೆಸರಿನಲ್ಲಿ ನಾಲ್ಕೈದು ಕಪ್ಪು ಬಿರುಗೂದಲು ಅಂಟಿದ್ದವು. ಒಂದನ್ನು ಕಿತ್ತು ನೋಡಿದೆ. ತುದಿ ಪೊರಕೆ ಕಡ್ಡಿಯ ಹಾಗೆ ಸೀಳಿತ್ತು.

“ಕಾಡುಹಂದಿ. ಒಂಟಿ ಗಂಡು,” ಎಂದರು ಮಾವ. ಹೆಣ್ಣುಗಳು ಮರಿ ಕಟ್ಟಿಕೊಂಡು ಹಿಂಡಾಗಿ ಬರುತ್ತವೆ, ಬೆಳೆದ ಗಂಡು ಒಬ್ಬಂಟಿಯಾಗಿ ತಿರುಗುತ್ತದೆ.

ಆಗ ನಾಯಿ ಬಂದು ನಮ್ಮ ನಡುವೆ ಮಲಗಿ ಹೊಟ್ಟೆ ತೋರಿಸಿತು. ಹೆಸರು ಬೊಗ್ಗ. ಊರ ನಾಯಿ, ಜಾತಿಯದ್ದೇನೂ ಅಲ್ಲ. ಮುಂಗಾಲಿನ ಸಂದಿನಿಂದ ಹೊಕ್ಕುಳಿನವರೆಗೆ ಕೂದಲಿಲ್ಲದ ಗುಲಾಬಿ ಬಣ್ಣದ ಗೆರೆ, ಅದರ ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು. ಚೀಲದ ಬಾಯಿ ಹೊಲಿದಂತೆ.

ನಾನು ಎಷ್ಟು ನಾಯಿಗಳು ಸೇರಿದರೆ ಒಂದು ಹಂದಿ ಬೀಳುತ್ತದೆ ಎಂದು ಕೇಳಿದೆ. ಪೇಟೆಯವನ ಪ್ರಶ್ನೆ. ಮಾವ ಸ್ವಲ್ಪ ಹೊತ್ತು ಅಡಿಕೆ ಹೋಳು ಮಾಡುತ್ತ ಕುಳಿತರು.

“ಹಂದಿ ಓಡುವವರೆಗೆ ನಾಯಿ ದೊಡ್ಡದು,” ಎಂದರು. “ಹಂದಿ ನಿಂತಿತೋ, ಲೆಕ್ಕ ಬೇರೆ. ಅದು ಗುಡ್ಡದ ಬರೆಗೋ ಪೊದೆಗೋ ಹಿಂಭಾಗ ಒತ್ತಿ ನಿಲ್ಲುತ್ತದೆ. ಆಮೇಲೆ ಎದುರಿನಿಂದಲೇ ಹೋಗಬೇಕು. ಎದುರಿನಲ್ಲಿ ಕೋರೆ.”

ಕೆಳದವಡೆಯ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ತಾನಾಗಿ ಹರಿತವಾಗುತ್ತದೆ, ಬಾಯಿ ಮುಚ್ಚಿ ತೆರೆದಾಗಲೆಲ್ಲ ಕತ್ತಿ ಮಸೆದ ಹಾಗೆ. ಗಂಡು ಹಂದಿ ಕಚ್ಚುವುದಕ್ಕಿಂತ ಹೆಚ್ಚಾಗಿ ತಲೆ ತಗ್ಗಿಸಿ ಮೇಲಕ್ಕೆ ಬೀಸುತ್ತದೆ. ಹಾಗಾಗಿ ನಾಯಿಗೆ ಬೀಳುವ ಗಾಯವೆಲ್ಲ ಎದೆಗೆ, ಹೊಟ್ಟೆಗೆ, ತೊಡೆಯ ಒಳಬದಿಗೆ. ನಾಯಿ ತಿರುಗಿ ಕಚ್ಚಿತೆನ್ನಿ, ಗಂಡಿನ ಭುಜದ ಚರ್ಮ ಗುರಾಣಿಯಂತೆ ದಪ್ಪಗಟ್ಟಿರುತ್ತದೆ, ಹಲ್ಲು ಇಳಿಯುವುದಿಲ್ಲ. ಇದನ್ನೆಲ್ಲ ಮಾವ ಎರಡು ಅಡಿಕೆ ಹೋಳುಗಳನ್ನು ಒಂದಕ್ಕೊಂದು ತಿಕ್ಕಿ ತೋರಿಸಿದರು.

“ಹಾಗಾದರೆ ಬೊಗ್ಗ?”

“ಇವನಿಗೆ ಆಗ ಎರಡು ವರ್ಷ. ಪ್ರಾಯದ ಸೊಕ್ಕು. ಹೋಗಿ ಕಿವಿ ಹಿಡಿದ.”

ಕರುಳು ಹೊರಗೆ ಕಾಣುತ್ತಿತ್ತಂತೆ. ಮಾವ ಒದ್ದೆ ಬೈರಾಸು ಒತ್ತಿ, ಉದುರಿದ ಅಡಿಕೆ ಹಾಳೆಯೊಂದರಲ್ಲಿ ಅವನನ್ನು ಮಲಗಿಸಿ, ಇಬ್ಬರು ಎರಡು ಕಡೆ ಹಿಡಿದು ಗುಡ್ಡ ಇಳಿಸಿ ಜೀಪಿಗೆ ಹಾಕಿದರು. ದಾರಿಯುದ್ದಕ್ಕೂ ನಾಯಿ ನರಳಲಿಲ್ಲ, ಹಾಳೆಯ ಅಂಚನ್ನು ಕಚ್ಚಿಕೊಂಡೇ ಇತ್ತು. ಆ ಹಲ್ಲಿನ ಗುರುತಿದ್ದ ಹಾಳೆಯನ್ನು ಅತ್ತೆ ಬಹಳ ದಿನ ಎಸೆಯಲು ಬಿಡಲಿಲ್ಲವಂತೆ.

“ಈಗ ಬುದ್ಧಿ ಬಂದಿದೆ. ಹತ್ತು ಮಾರು ದೂರ ನಿಂತು ಬೊಗಳುತ್ತಾನೆ. ಹಂದಿ ತಿರುಗಿದರೆ ಓಡುತ್ತಾನೆ, ಅದು ಹೊರಟರೆ ಮತ್ತೆ ಹಿಂದೆ ಹೋಗುತ್ತಾನೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ನೀವು ಬೈಗುಳವಾಗಿ ಹೇಳುತ್ತೀರಲ್ಲ? ತೋಟಕ್ಕೆ ಅಂಥದ್ದೇ ಬೇಕು.”

ನನಗೆ ಆತಕೂರಿನ ಕಲ್ಲು ನೆನಪಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ಸಂಗ್ರಹಾಲಯದಲ್ಲಿದೆ, ಸುಮಾರು 950ರ ಶಾಸನ. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ಅರಸ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಪೂಜೆಗೂ ಏರ್ಪಾಡು ಮಾಡಿದರು. ಕಾಲೇಜಿನಲ್ಲಿ ಓದಿದ ದಿನದಿಂದ ನನಗೆ ಆ ಕಾಳಿಯ ಮೇಲೆ ಅಭಿಮಾನ. ಅದನ್ನೆಲ್ಲ ಉತ್ಸಾಹದಿಂದ ಹೇಳಿದೆ.

ಮಾವ ಬೊಗ್ಗನ ಕಿವಿ ಸವರುತ್ತ ಕೇಳಿದರು. “ಅರಸು ಕೊಟ್ಟ ನಾಯಿಯನ್ನು ಒಂದೇ ಹಂದಿಗೆ ಕಳೆದುಕೊಂಡನೇ?”

ನನಗೆ ಉತ್ತರ ಹೊಳೆಯಲಿಲ್ಲ.

ಬಂದೂಕಿನ ಮಾತೂ ಬಂತು. 2022ರಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಿಸಲು ಪಂಚಾಯತಿ ಅಧ್ಯಕ್ಷರೇ ಅಪ್ಪಣೆ ಕೊಡಬಹುದು. ಪರವಾನಗಿ ಇರುವವರು ಗುಂಡು ಹೊಡೆಯಬೇಕು, ವಿಷ, ಸಿಡಿಮದ್ದು, ಕರೆಂಟು ಕೂಡದು, ಸತ್ತದ್ದನ್ನು ಹೂಳಬೇಕು, ತಿನ್ನುವಂತಿಲ್ಲ. “ತಿನ್ನದಿರುವುದರಿಂದ ನನಗೆ ನಷ್ಟವಿಲ್ಲ,” ಎಂದು ಸಸ್ಯಾಹಾರಿ ಮಾವ ನಕ್ಕರು. ಆದರೆ ಬಂದೂಕಿನವರು ಬರುವ ರಾತ್ರಿ ಹಂದಿ ಬರುವುದಿಲ್ಲ, ಹಂದಿ ಬರುವ ರಾತ್ರಿ ಬಂದೂಕಿನವರು ಇನ್ನೊಂದು ತೋಟದಲ್ಲಿರುತ್ತಾರೆ. ಅದಕ್ಕೆ ಅತ್ತೆಯ ಹಳೆಯ ಸೀರೆಗಳು ಬೇಲಿಯಾಗಿ ತೋಟದ ಸುತ್ತ ಕಟ್ಟಿಸಿಕೊಂಡಿವೆ. ನೀಲಿ ಸೀರೆಯೊಂದರ ಸೆರಗು ಆ ಬೆಳಿಗ್ಗೆ ಹರಿದು ನೆಲಕ್ಕೆ ಜೋತಿತ್ತು.

ಮಧ್ಯಾಹ್ನದ ಬಸ್ಸಿಗೆ ಮಾವ ರಸ್ತೆಯವರೆಗೆ ಬಂದರು, ಬೊಗ್ಗನೂ ಬಂದ. ಈ ಸಲ ನಾನು ಕಂಡಕ್ಟರನನ್ನು ಕನ್ನಡದಲ್ಲೇ ಕೇಳಿ ಹತ್ತಿದೆ. ಕಿಟಕಿಯ ಹತ್ತಿರ ಬಂದು ಮಾವ ಹೇಳಿದರು: “ಆ ಕಲ್ಲಿನ ಫೋಟೊ ಒಂದು ಕಳಿಸಿ. ಅವಳು ಹಂದಿಯನ್ನು ಎಲ್ಲಿ ಹಿಡಿದಿದ್ದಾಳೆ ಎಂದು ನೋಡಬೇಕು.”