ಮಳೆಗಾಲದಲ್ಲಿ ಶ್ರವಣಬೆಳಗೊಳ: ಬೆಟ್ಟ ಹತ್ತುವವರಿಗೆ ಒಂದಿಷ್ಟು ಮಾತು

ಶ್ರವಣಬೆಳಗೊಳಕ್ಕೆ ಹೋಗುವುದಾದರೆ ಡಿಸೆಂಬರ್, ಜನವರಿಯೇ ಸರಿ ಅನ್ನುವವರು ಜಾಸ್ತಿ. ಆದರೆ ಶಾಲಾ ಪ್ರವಾಸದ ಬಸ್ಸುಗಳೂ ಆಗಲೇ ಬರುವುದು. ನನ್ನನ್ನು ಕೇಳಿದರೆ ಜುಲೈನಲ್ಲಿ, ಶನಿವಾರ ಭಾನುವಾರ ಬಿಟ್ಟು ಹೋಗಿ. ನಾವು ಹೋದಾಗ ಮೆಟ್ಟಿಲ ಮೇಲೆ ನಮ್ಮ ಜೊತೆ ಇದ್ದದ್ದು ನಾಲ್ಕೈದು ಜನ ಯಾತ್ರಿಕರು, ಅಷ್ಟೇ.

ಮಳೆಗೆ ಹೆದರಬೇಕಿಲ್ಲ. ಸಕಲೇಶಪುರದ ಹಾಗೆ ಇಲ್ಲಿ ಜಡಿಮಳೆ ಹಿಡಿದು ಕೂರುವುದಿಲ್ಲ. ತುಂತುರು ಬರುತ್ತೆ, ಹೋಗುತ್ತೆ. ಗಾಳಿ ಮಾತ್ರ ಜೋರು. ಕೊಡೆ ಸುಮ್ನೆ ಹೊರೆ, ರೇನ್‌ಕೋಟ್ ತನ್ನಿ.

ಗೊಮ್ಮಟ ಇರುವ ವಿಂಧ್ಯಗಿರಿ ಬೆಟ್ಟವನ್ನು ಬರಿಗಾಲಲ್ಲೇ ಹತ್ತಬೇಕು. 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು. ಬೇಸಿಗೆಯಲ್ಲಿ ಅಂಗಾಲು ಸುಡುತ್ತೆ ಅಂತ ಸಾಕ್ಸ್ ಹಾಕಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಆ ಕೆಲಸ ಮಾಡಬೇಡಿ, ಒದ್ದೆ ಸಾಕ್ಸ್ ಜಾರುತ್ತೆ. ಬರಿಗಾಲಿಗೇ ಹಿಡಿತ ಜಾಸ್ತಿ. ಇಳಿಯುವಾಗಲಂತೂ ಕಂಬಿ ಬಿಡಬೇಡಿ. ಮಂಡಿನೋವಿನವರಿಗೆ ಡೋಲಿ ಇದೆ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.

ಫೋಟೋ ಹುಚ್ಚಿನವರಿಗೆ ಒಂದು ಗುಟ್ಟು. ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಬಿಸಿಲೆಲ್ಲ ಬೆನ್ನಿಗೆ, ಮುಖಕ್ಕೆ ನೆರಳು. ಜೂನ್, ಜುಲೈನಲ್ಲಿ ಸೂರ್ಯ ಉತ್ತರದ ಕಡೆಗಿರುತ್ತಾನೆ. ಮೋಡ ಸ್ವಲ್ಪ ಸರಿದರೆ ಸಾಕು, ಬೆಳಕು ನೇರ ಮುಖದ ಮೇಲೇ ಬೀಳುತ್ತೆ. ಮಳೆಗಾಲವೇ ವಾಸಿ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಸುಮಾರು 58 ಅಡಿಯ ಮೂರ್ತಿ ಅಲ್ವಾ, ಎಲ್ಲರೂ ಕತ್ತೆತ್ತಿ ನೋಡಿ ವಾಪಸ್ ಹೊರಡುತ್ತಾರೆ. ಒಂದು ನಿಮಿಷ ಪಾದದ ಹತ್ತಿರವೂ ನೋಡಿ. ಪಕ್ಕದಲ್ಲಿ ಕೆತ್ತಿದ ಕಲ್ಲಿನ ಹುತ್ತದಿಂದ ಕಲ್ಲಿನ ಹಾವುಗಳು ತಲೆ ಹಾಕಿವೆ. ಅಲ್ಲೇ ಕಲ್ಲಿನ ಮೇಲೆ ಹಳೆಗನ್ನಡದಲ್ಲಿ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಅಂತ ಕೆತ್ತಿದೆ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಇದನ್ನು ಮಾಡಿಸಿದ್ದು. ಜನ ತುಂಬಿದ್ದಾಗ ಇಲ್ಲಿ ನಿಂತು ಓದುವುದು ಕಷ್ಟ.

ಎದುರಿನ ಚಂದ್ರಗಿರಿಯನ್ನು ಬಿಟ್ಟು ಬಂದವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಆ ಬೆಟ್ಟ ಚಿಕ್ಕದು, ಮೆಟ್ಟಿಲೂ ಕಡಿಮೆ. ಬಸದಿಗಳೆಲ್ಲ ಒಂದೇ ಪ್ರಾಕಾರದೊಳಗಿವೆ, ಮಳೆ ಬಂದರೆ ಒಳಗೆ ನಿಲ್ಲಬಹುದು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳಲ್ಲಿ, ಜೈನ ಮುನಿ ಭದ್ರಬಾಹು ಮತ್ತು ಚಂದ್ರಗುಪ್ತ ಮೌರ್ಯನ ಕಥೆ ಪುಟ್ಟ ಪುಟ್ಟ ಚಿತ್ರಗಳಾಗಿ ಕೆತ್ತಿದೆ. ಒಳಗೆ ಮಬ್ಬು, ಟಾರ್ಚ್ ಇಟ್ಟುಕೊಳ್ಳಿ. ಸುಸ್ತಾಗುವ ಮೊದಲೇ ವಿಂಧ್ಯಗಿರಿ ಮುಗಿಸಿ, ಕೆಳಗೆ ತಿಂಡಿ ತಿಂದು ಇದನ್ನು ಹತ್ತಿದರೆ ಒಳ್ಳೆಯದು.

ಬೆಂಗಳೂರಿನಿಂದ ಸುಮಾರು 145 ಕಿಲೋಮೀಟರ್. ನೇರ ಬಸ್ ಸಿಗದಿದ್ದರೆ ಚನ್ನರಾಯಪಟ್ಟಣಕ್ಕೆ ಬನ್ನಿ, ಅಲ್ಲಿಂದ ಬೆಳಗೊಳ ಹತ್ತಿರ. ಹಾಸನದ ರೈಲೂ ಇಲ್ಲಿ ನಿಲ್ಲುತ್ತೆ, ಆದರೆ ಸ್ಟೇಷನ್‌ನಿಂದ ಬೆಟ್ಟಕ್ಕೆ ಆಟೋ ಬೇಕು. ಉಳಿಯುವವರು ರಾತ್ರಿ ಊಟ ಬೇಗ ಮಾಡಿ. ಜೈನರು ಹೊತ್ತು ಮುಳುಗುವ ಮೊದಲೇ ಉಣ್ಣುವ ಊರು ಇದು.